ಮನೆಗೆಲ್ಲ ಒಂದೇ ಸಾಬಾಣ, ಮಾರಿ ಮಾತ್ರ ನಾಲ್ಕು ನಮೂನಿ

ಸೊಲ್ಲಾಪುರ: ಬಚ್ಚಲದ ಗೂಡಿನಲ್ಲಿ ಒಂದೇ ಸಾಬಾಣ. ಹೊಲದಿಂದ ಬಂದ ಅಪ್ಪನ ಕೈಕಾಲಿಗೂ ಅದೇ, ಕಾಲೇಜಿಗೆ ಹೊರಟ ಮಗಳ ಮಾರಿಗೂ ಅದೇ, ಎಪ್ಪತ್ತು ದಾಟಿದ ಅಜ್ಜಿಯ ಒಣ ಚರ್ಮಕ್ಕೂ ಅದೇ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಕನ್ನಡ ಮನೆಗಳಲ್ಲಿ ಇದು ತಲೆಮಾರಿನಿಂದ ನಡೆದು ಬಂದ ರೂಢಿ. ಮನೆಮಂದಿಯ ಚರ್ಮ ಮಾತ್ರ ಒಬ್ಬೊಬ್ಬರದು ಒಂದೊಂದು ನಮೂನಿ.

ಲಗ್ನಸರಾಯಿ ಹತ್ತಿರ ಬಂದಾಗ ಈ ರೂಢಿ ಒಮ್ಮೆಲೆ ಮುರಿದು ಬೀಳುತ್ತದೆ. ಪೇಟೆಯ ಸ್ಟೇಷನರಿ ಅಂಗಡಿ, ಮೆಡಿಕಲ್ ಶಾಪುಗಳ ಮುಂದೆ ಆಗ ಒಂದೇ ಮಾತು ಕೇಳುತ್ತದೆ. "ಅಣ್ಣಾ, ಮಾರಿಗೆ ಹಚ್ಚಾಕ ಚೊಲೋದೊಂದು ಕೊಡ್ರಿ." ಅಂಗಡಿಯವನ ಉತ್ತರವೂ ಸಿದ್ಧ. "ಎಷ್ಟರದ್ದು ಬೇಕ್ರಿ ಅಕ್ಕಾರ?" ಎಷ್ಟು ರೂಪಾಯಿಯದು ಎಂದು ಕೇಳುತ್ತಾನೆಯೇ ಹೊರತು ಯಾವ ನಮೂನಿ ಚರ್ಮಕ್ಕೆ ಎಂದು ಕೇಳುವುದಿಲ್ಲ. ಕೊಳ್ಳುವವರೂ ಹೇಳುವುದಿಲ್ಲ. ಟಿ.ವಿ.ಯಲ್ಲಿ ನೋಡಿದ ಹೆಸರು, ಕಿಸೆಯಲ್ಲಿದ್ದ ರೊಕ್ಕ, ಇವೆರಡೇ ಲೆಕ್ಕಕ್ಕೆ ಬರುತ್ತವೆ.

ಅಲ್ಲಿಂದ ಮುಂದಿನ ದಾರಿ ಜಾರುವ ದಾರಿ. ಚರ್ಮಕ್ಕೆ ಹೊಂದದ ಸಾಬಾಣದಿಂದ ಮಾರಿ ಬಿಗಿಯುತ್ತದೆ, ಉರಿಯುತ್ತದೆ, ಅಲ್ಲಲ್ಲಿ ಕಪ್ಪಾಗುತ್ತದೆ. ಅದನ್ನು ಕೊಳೆ ಎಂದು ತಿಳಿದು ಇನ್ನಷ್ಟು ತಿಕ್ಕುತ್ತಾರೆ. ಕಡೆಗೆ ಯಾರೋ ಹೇಳಿದರು ಎಂದು ಡಾಕ್ಟರ್ ಚೀಟಿ ಇಲ್ಲದೆ ಒಂದು ಟ್ಯೂಬ್ ತಂದು ಹಚ್ಚುತ್ತಾರೆ. ಸಾಬಾಣದಿಂದ ಶುರುವಾದ ತಕರಾರು ಟ್ಯೂಬಿನಲ್ಲಿ ಹೋಗಿ ನಿಲ್ಲುತ್ತದೆ. ಮಾರಿ ತೊಳೆಯುವ ಸಾಮಾನನ್ನು ಸರಿಯಾಗಿ ಆರಿಸಿಕೊಂಡರೆ ಈ ದಾರಿಗೆ ಬೀಳುವುದೇ ಬೇಡ. ಅದಕ್ಕೆ ದೊಡ್ಡ ಖರ್ಚೂ ಇಲ್ಲ.

ಮೊದಲು ನೀರು ನೋಡಿ

ಈ ಭಾಗದ ನೆಲ ಕರಿಕಲ್ಲಿನ ನೆಲ. ಬೋರಿನ ನೀರು ಕಲ್ಲಿನ ಸಂದಿಯಿಂದ ಬರುವಾಗ ಕ್ಯಾಲ್ಸಿಯಂ, ಮ್ಯಾಗ್ನೀಸಿಯಂ ಲವಣಗಳನ್ನು ಹೊತ್ತು ತರುತ್ತದೆ. ಇದಕ್ಕೇ ಗಡಸು ನೀರು ಎನ್ನುವುದು. ಮರಾಠಿಯಲ್ಲಿ 'ಜಡ ಪಾಣಿ' ಅನ್ನುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದಲ್ಲಿ 600ರ ವರೆಗೆ ನಡೆಯುತ್ತದೆ.

ಮನೆಯ ನೀರು ಗಡಸೋ ಮೆದುವೋ ತಿಳಿಯಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟಿದರೆ, ನಲ್ಲಿಯ ಬಾಯಿಗೆ ಬಿಳಿ ಕಲೆ ಕೂತರೆ, ಎಷ್ಟು ಸಾಬಾಣ ಹಚ್ಚಿದರೂ ನೊರೆ ಬಾರದಿದ್ದರೆ ಅದು ಗಡಸು ನೀರು. ಇನ್ನೂ ಖಾತ್ರಿ ಬೇಕೆಂದರೆ ಎರಡು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ಬೋರಿನ ನೀರು, ಇನ್ನೊಂದರಲ್ಲಿ ಹಿಡಿದಿಟ್ಟ ಮಳೆನೀರು ಹಾಕಿ, ಎರಡಕ್ಕೂ ಅಷ್ಟಷ್ಟೇ ಸಾಬಾಣದ ಚೂರು ಹಾಕಿ ಅಲುಗಾಡಿಸಿ. ಮಳೆನೀರಿನಲ್ಲಿ ನೊರೆ ಏಳುತ್ತದೆ, ಬೋರಿನ ನೀರಿನಲ್ಲಿ ಮೊಸರು ಒಡೆದಂತೆ ಕಾಣುತ್ತದೆ.

ಆ ಒಡೆದ ಮೊಸರಿನಂಥ ಜಿಗುಟು ಬರೀ ಬಕೆಟಿಗೆ ಅಂಟುವುದಿಲ್ಲ, ಮುಖಕ್ಕೂ ಅಂಟುತ್ತದೆ. ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ. "ಸಾಬಾಣ ಹಚ್ಚಿದ ಮ್ಯಾಲ ಮಾರಿ ಬಿಗದಂಗ ಆಗತೈತ್ರಿ" ಎಂದು ಹೆಂಗಸರು ಹೇಳುವುದಕ್ಕೆ ಒಂದು ಕಾರಣ ಈ ಜಿಗುಟು. ಬೆಂಗಳೂರಿನಲ್ಲಿ ಅಕ್ಕನ ಮಗಳಿಗೆ ಹೊಂದಿದ ಸಾಬಾಣ ಜತ್ತದಲ್ಲಿ ಹೊಂದದೆ ಇರುವುದಕ್ಕೂ ಎರಡೂ ಕಡೆಯ ನೀರು ಕಾರಣವಾಗಿರಬಹುದು.

ಇದಕ್ಕೆ ಉಪಾಯ ಇದೆ. ನೀರು ಕುದಿಸಿ ಆರಿಸಿ, ತಳದ ಗಸಿ ಬಿಟ್ಟು ಮೇಲಿನದನ್ನು ಬಗ್ಗಿಸಿಕೊಂಡರೆ ಗಡಸುತನದ ಒಂದು ಭಾಗ ಇಳಿಯುತ್ತದೆ. ಮನೆಯಲ್ಲಿ ಫಿಲ್ಟರ್ ನೀರಿದ್ದರೆ ಕೊನೆಯ ಎರಡು ಬೊಗಸೆ ಅದರಲ್ಲಿ ತೊಳೆದರೆ ಸಾಕು. ಇದಕ್ಕಿಂತ ಸುಲಭದ ದಾರಿ ಎಂದರೆ ಗಡಸು ನೀರಿನಲ್ಲಿ ಒಡೆಯದ ಸಾಮಾನನ್ನೇ ಆರಿಸಿಕೊಳ್ಳುವುದು.

ಸಾಬಾಣದ ಕವರ್ ಓದಿ

ಅಂಗಡಿಯ ಕಪಾಟಿನಲ್ಲಿ ಸಾಬಾಣದ ಹಾಗೆ ಕಾಣುವುದೆಲ್ಲ ಒಂದೇ ಜಾತಿಯದಲ್ಲ. ಮೂರು ಬಗೆ ಇವೆ.

ಒಂದನೆಯದು 'ಟಾಯ್ಲೆಟ್ ಸೋಪ್'. ಕವರಿನ ಹಿಂದೆ ಸಣ್ಣ ಅಕ್ಷರದಲ್ಲಿ ಟಿ.ಎಫ್.ಎಂ. ಎಂದು ಬರೆದು ಶೇಕಡಾ ಲೆಕ್ಕ ಕೊಟ್ಟಿರುತ್ತಾರೆ. ಸಾಬಾಣದಲ್ಲಿ ಎಣ್ಣೆ, ಕೊಬ್ಬಿನಿಂದ ಬಂದ ಅಂಶ ಎಷ್ಟು ಎಂಬುದರ ಲೆಕ್ಕ ಅದು. ಭಾರತೀಯ ಮಾನಕದ ಪ್ರಕಾರ ಗ್ರೇಡ್ 1ಕ್ಕೆ ಕನಿಷ್ಠ 76, ಗ್ರೇಡ್ 2ಕ್ಕೆ 70, ಗ್ರೇಡ್ 3ಕ್ಕೆ 60 ಇರಬೇಕು. ಅಂಕಿ ಮೇಲಿದ್ದಷ್ಟೂ ಒಳಗೆ ಬೇರೆ ಪುಡಿ ತುಂಬಿದ್ದು ಕಡಿಮೆ.

ಎರಡನೆಯದು 'ಬಾತಿಂಗ್ ಬಾರ್'. ಇದಕ್ಕೆ ಟಿ.ಎಫ್.ಎಂ. 40 ಇದ್ದರೂ ನಡೆಯುತ್ತದೆ. ನೋಡಲು, ಮೂಸಲು ಸಾಬಾಣದಂತೆಯೇ ಇರುವುದರಿಂದ ಮಂದಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೆಸರಿನ ಕೆಳಗೆ ಏನು ಬರೆದಿದೆ ಎಂದು ನೋಡಿದರೆ ಮಾತ್ರ ಗೊತ್ತಾಗುತ್ತದೆ.

ಮೂರನೆಯದು 'ಸಿಂಡೆಟ್'. ಇದು ಸಾಬಾಣವೇ ಅಲ್ಲ, ಬೇರೆ ರೀತಿ ತಯಾರಾದ ಮೆದು ಸ್ವಚ್ಛಕ. ಬಾರ್ ರೂಪದಲ್ಲಿಯೂ ಸಿಗುತ್ತದೆ, ಲೋಷನ್ ರೂಪದಲ್ಲಿಯೂ ಸಿಗುತ್ತದೆ. ಕೆಲವುದರ ಮೇಲೆ 'ಸೋಪ್ ಫ್ರೀ' ಎಂದು ಬರೆದಿರುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ತೋರಿಸುತ್ತಾರೆ. ಗಡಸು ನೀರಿನಲ್ಲಿ ಇದು ಒಡೆಯುವುದಿಲ್ಲ.

ಇಲ್ಲಿ ಒಂದು ಮಾತು ಗಮನಿಸಬೇಕು. ಗ್ರೇಡ್ 1 ಎಂದ ಮಾತ್ರಕ್ಕೆ ಮುಖಕ್ಕೆ ಮೆದು ಎಂದಲ್ಲ. ಆರೋಗ್ಯವಂತ ಚರ್ಮದ ಮೇಲ್ಪದರು ಸ್ವಲ್ಪ ಹುಳಿ ಗುಣದ್ದು. ಅದರ ಪಿ.ಎಚ್. 5ರ ಆಸುಪಾಸು ಇರುತ್ತದೆ. ಎಂಥ ದುಬಾರಿ ಸಾಬಾಣವಾದರೂ ಅದು ಕ್ಷಾರ, ಅದರ ಪಿ.ಎಚ್. 9ರಿಂದ 10. ಕೊಳೆಯ ಜೊತೆಗೆ ಚರ್ಮ ತಾನೇ ಕಾಪಾಡಿಕೊಂಡ ಜಿಡ್ಡನ್ನೂ ಅದು ಎಳೆದುಕೊಂಡು ಹೋಗುತ್ತದೆ. ಮೈಗೆ ಇದು ಹೇಗೋ ತಾಳುತ್ತದೆ. ಮುಖದ ಚರ್ಮ ತೆಳು, ಬಿಸಿಲಿಗೆ ದಿನವೂ ಒಡ್ಡಿಕೊಂಡದ್ದು. ಅದಕ್ಕೆ ತಾಳಿಕೆ ಕಡಿಮೆ.

ನೊರೆ ಜಾಸ್ತಿ ಬಂದರೆ ಸ್ವಚ್ಛ ಜಾಸ್ತಿ ಎಂಬುದೂ ತಪ್ಪು ತಿಳಿವಳಿಕೆ. ನೊರೆ ಕಣ್ಣಿಗೆ ಚೆಂದ, ಅಷ್ಟೇ. ನೊರೆಯೇ ಬಾರದ ಲೋಷನ್ನೂ ಧೂಳು, ಬೆವರು ತೆಗೆಯುತ್ತದೆ.

ಮನೆಯಲ್ಲೇ ಪರೀಕ್ಷೆ

ಚರ್ಮದ ನಮೂನಿ ತಿಳಿಯಲು ಖರ್ಚಿಲ್ಲದ ಪರೀಕ್ಷೆ ಒಂದಿದೆ. ಮೆದುವಾದ ಸಾಬಾಣದಿಂದ ಮುಖ ತೊಳೆದು ಟಾವೆಲಿನಿಂದ ಒತ್ತಿ ಒರೆಸಿಕೊಳ್ಳಿ. ಪೌಡರ್, ಕ್ರೀಮ್, ಎಣ್ಣೆ ಏನೂ ಹಚ್ಚದೆ ನೆರಳಿನಲ್ಲಿ ಒಂದು ತಾಸು ಇರಿ. ಆಮೇಲೆ ಕನ್ನಡಿ ಮುಂದೆ ನಿಂತು ಹಣೆ, ಮೂಗು, ಗದ್ದ, ಗಲ್ಲದ ಮೇಲೆ ಬೇರೆ ಬೇರೆ ಟಿಶ್ಯೂ ಕಾಗದದ ಚೂರು ಒತ್ತಿ ನೋಡಿ.

ಎಲ್ಲ ಚೂರಿಗೂ ಜಿಡ್ಡು ಅಂಟಿದರೆ ಅದು ಎಣ್ಣೆ ಚರ್ಮ. ಯಾವುದಕ್ಕೂ ಅಂಟದೆ, ಮುಖ ಬಿಗಿದು ಬಿಳಿ ಪೊರೆ ಎದ್ದಂತಿದ್ದರೆ ಒಣ ಚರ್ಮ. ಹಣೆ, ಮೂಗು, ಗದ್ದದಲ್ಲಿ ಜಿಡ್ಡಿದ್ದು ಗಲ್ಲ ಒಣಗಿದ್ದರೆ ಮಿಶ್ರ ಚರ್ಮ. ಜಿಡ್ಡೂ ಇಲ್ಲ, ಬಿಗಿತವೂ ಇಲ್ಲ ಎಂದರೆ ತಕರಾರಿಲ್ಲದ ಸಾದಾ ಚರ್ಮ.

ಈ ನಾಲ್ಕರಲ್ಲಿ ಯಾವುದಾದರೂ ಸೂಕ್ಷ್ಮವೂ ಆಗಿರಬಹುದು. ಏನು ಹಚ್ಚಿದರೂ ಉರಿ, ಕೆಂಪು, ತುರಿಕೆ ಏಳುವವರದು ಸೂಕ್ಷ್ಮ ಚರ್ಮ.

ಒಮ್ಮೆ ಮಾಡಿದ ಪರೀಕ್ಷೆ ಜನ್ಮಕ್ಕೆಲ್ಲ ಸಾಲದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರುಗಳಿವು. ಅದೇ ಚರ್ಮ ಸಂಕ್ರಾಂತಿಯ ಹೊತ್ತಿನ ಒಣ ಥಂಡಿಯಲ್ಲಿ ಬೇರೆಯೇ ವರ್ತಿಸುತ್ತದೆ. ಸಿದ್ಧೇಶ್ವರ ಜಾತ್ರೆಗೊಮ್ಮೆ, ಬೇಸಿಗೆಗೊಮ್ಮೆ ನೋಡಿಕೊಂಡರೆ ಒಳ್ಳೆಯದು. ಹದಿನಾರರ ಎಣ್ಣೆ ಮುಖ ಐವತ್ತಕ್ಕೆ ಒಣಗುವುದೂ ಸಹಜ.

ಯಾರಿಗೆ ಯಾವುದು

ಎಣ್ಣೆ ಚರ್ಮ: ಜೆಲ್ ಅಥವಾ ಸ್ವಲ್ಪ ನೊರೆ ಬರುವ ಫೇಸ್ ವಾಶ್ ಸಾಕು. ಮೊಡವೆ ಇದ್ದವರು ಸ್ಯಾಲಿಸಿಲಿಕ್ ಆಸಿಡ್ ಇರುವುದನ್ನು ನೋಡಬಹುದು. ಅರ್ಧದಿಂದ 2 ಶೇಕಡಾ ವರೆಗೆ ಇರುತ್ತದೆ. ಇದು ರಂಧ್ರದೊಳಗಿನ ಜಿಡ್ಡನ್ನು ಸಡಿಲಿಸುತ್ತದೆ. ಮೊದಲು ದಿನಕ್ಕೆ ಒಂದೇ ಸಲ ಬಳಸಬೇಕು. ಚರ್ಮ ಒಣಗಿದರೆ ದಿನ ಬಿಟ್ಟು ದಿನ. ಮೊಡವೆ ಬಂತೆಂದು ದಿನಕ್ಕೆ ಐದಾರು ಸಲ ತೊಳೆಯುವ ಹುಡುಗರು ಬಹಳ. ಅದರಿಂದ ಮೊಡವೆ ಹೋಗುವುದಿಲ್ಲ, ಉರಿ ಬರುತ್ತದೆ. ತಲೆಗೆ ಎಣ್ಣೆ ಒತ್ತಿ ಜಡೆ ಹಾಕಿಕೊಳ್ಳುವ ಹೆಣ್ಣುಮಕ್ಕಳಿಗೆ ಹಣೆಯ ಅಂಚಿನಲ್ಲಷ್ಟೇ ಗುಳ್ಳೆ ಏಳುತ್ತಿದ್ದರೆ, ಫೇಸ್ ವಾಶ್ ಬದಲಿಸುವ ಮೊದಲು ಎಣ್ಣೆ ಹಣೆಗೆ ಇಳಿಯದಂತೆ ನೋಡಿಕೊಳ್ಳಬೇಕು.

ಒಣ ಚರ್ಮ: ಸಾಬಾಣ ಮುಖಕ್ಕೆ ಬೇಡ. ನೊರೆ ಬಾರದ ಕ್ರೀಮ್ ಅಥವಾ ಲೋಷನ್ ರೂಪದ ಕ್ಲೆನ್ಸರ್ ಒಳ್ಳೆಯದು. ಕವರಿನ ಮೇಲೆ ಗ್ಲಿಸರಿನ್, ಸೆರಮೈಡ್ ಎಂಬ ಹೆಸರಿದ್ದರೆ ಅನುಕೂಲ. ಬೆಳಿಗ್ಗೆ ಬರೀ ನೀರು, ರಾತ್ರಿ ಒಮ್ಮೆ ಕ್ಲೆನ್ಸರ್ ಸಾಕು. ತೊಳೆದ ಮೇಲೆ ಮುಖ ಹಸಿ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅಷ್ಟು ಉಪಯೋಗ ಇಲ್ಲ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇದ್ದವರಿಗೆ ಇದೇ ಕ್ರಮ ಒಳ್ಳೆಯದು.

ಮಿಶ್ರ ಚರ್ಮ: ಎರಡೆರಡು ಸಾಮಾನು ಕೊಳ್ಳುವ ಅಗತ್ಯವಿಲ್ಲ. ಒಂದು ಮೆದು ಜೆಲ್ ತಂದು ಹಣೆ, ಮೂಗಿನ ಮೇಲೆ ಸ್ವಲ್ಪ ಹೆಚ್ಚು ಹೊತ್ತು, ಗಲ್ಲದ ಮೇಲೆ ಕಡಿಮೆ ಹೊತ್ತು ಆಡಿಸಿದರೆ ಆಯಿತು. ಮಾಯಿಶ್ಚರೈಸರ್ ಗಲ್ಲಕ್ಕೆ ಹೆಚ್ಚು, ಮೂಗಿಗೆ ಕಡಿಮೆ.

ಸಾದಾ ಚರ್ಮ: ಈಗ ಬಳಸುತ್ತಿರುವುದರಿಂದ ಬಿಗಿತ, ಉರಿ ಇಲ್ಲ ಎಂದಾದರೆ ಅದನ್ನೇ ಮುಂದುವರಿಸಿ. ಪಕ್ಕದ ಮನೆಯವರು ಹೊಸದು ತಂದರು ಎಂದು ಬದಲಾಯಿಸಬೇಕಾಗಿಲ್ಲ.

ಸೂಕ್ಷ್ಮ ಚರ್ಮ: ಸುವಾಸನೆ ಇಲ್ಲದ್ದನ್ನು ಕೇಳಿ ಪಡೆಯಿರಿ. 'ಫ್ರಾಗ್ರನ್ಸ್ ಫ್ರೀ' ಎಂದು ಬರೆದಿರಬೇಕು. 'ನ್ಯಾಚುರಲ್', 'ಹರ್ಬಲ್' ಎಂದ ಮಾತ್ರಕ್ಕೆ ನಂಬುವಂತಿಲ್ಲ. ಗಿಡಮೂಲಿಕೆಯ ಎಣ್ಣೆಗಳಿಂದಲೂ ಅಲರ್ಜಿ ಆಗುತ್ತದೆ. ಹೊಸದನ್ನು ತಂದ ಕೂಡಲೇ ಮುಖಕ್ಕೆ ಹಚ್ಚಬಾರದು. ಮೊಣಕೈ ಒಳಭಾಗದಲ್ಲಿ ಒಂದು ರೂಪಾಯಿಯಷ್ಟಗಲ ಜಾಗಕ್ಕೆ ದಿನಕ್ಕೆ ಎರಡು ಸಲ, ಮುಖಕ್ಕೆ ಹಚ್ಚುವಷ್ಟೇ ಹೊತ್ತು ಹಚ್ಚಿ ತೊಳೆಯಿರಿ. ಒಂದು ವಾರ ಏನೂ ಆಗದಿದ್ದರೆ ಮುಖಕ್ಕೆ ತರಬಹುದು.

ಚಿಕ್ಕ ಮಕ್ಕಳಿಗೆ ಫೇಸ್ ವಾಶ್ ಬೇಕಾಗಿಯೇ ಇಲ್ಲ. ನೀರು, ಆಡಿ ಬಂದ ದಿನ ಮಕ್ಕಳ ಮೆದು ಸಾಬಾಣ, ಇಷ್ಟೇ ಸಾಕು.

ಅಡಿಗೆ ಮನೆಯ ಸಾಮಾನು

"ನಮ್ಮ ಕಾಲಕ್ಕ ಎಲ್ಲಿ ಫೇಸ್ ವಾಶ್ ಇತ್ತವ್ವಾ? ಕಡ್ಲಿ ಹಿಟ್ಟು, ಹಾಲಿನ ಕೆನಿ, ಅಷ್ಟ" ಎಂದು ಅಜ್ಜಿಯರು ಹೇಳುವುದರಲ್ಲಿ ಸತ್ಯವಿದೆ. ಕಡಲೆ ಹಿಟ್ಟು ಸಾಬಾಣದಂತೆ ಕ್ಷಾರವಲ್ಲ, ಜಿಡ್ಡನ್ನು ಹೀರುತ್ತದೆ. ನುಣ್ಣಗೆ ಜರಡಿ ಹಿಡಿದು, ಎಣ್ಣೆ ಚರ್ಮದವರು ನೀರಿನಲ್ಲಿ, ಒಣ ಚರ್ಮದವರು ಹಾಲು ಕೆನೆಯಲ್ಲಿ ಕಲಸಿ ಹಚ್ಚಬಹುದು. ಒಣಗಿ ಬಿರಿಯುವ ತನಕ ಬಿಟ್ಟು ಆಮೇಲೆ ತಿಕ್ಕಿ ಉದುರಿಸುವುದು ಮಾತ್ರ ಬೇಡ. ಹಸಿ ಇರುವಾಗಲೇ ತೊಳೆಯಬೇಕು. ದೀಪಾವಳಿಯ ಉಟಣೆಗೂ ಇದೇ ಮಾತು ಅನ್ವಯ. ವರ್ಷಕ್ಕೊಮ್ಮೆ ಹಬ್ಬಕ್ಕೆ ಚೆಂದ, ದಿನವೂ ತಿಕ್ಕಲು ಒರಟು.

ಮುಲ್ತಾನಿ ಮಿಟ್ಟಿ ಎಣ್ಣೆ ಚರ್ಮದವರಿಗೆ ವಾರಕ್ಕೊಮ್ಮೆ ನಡೆಯುತ್ತದೆ. ಒಣ ಚರ್ಮದವರಿಗೆ ಅದು ಇದ್ದ ಜಿಡ್ಡನ್ನೂ ಹೀರಿಬಿಡುತ್ತದೆ. ಕುಂಕುಮ ಗಟ್ಟಿಯಾಗಿ ಹಚ್ಚುವವರು ರಾತ್ರಿ ಅದನ್ನು ತಿಕ್ಕಿ ತೆಗೆಯುವ ಬದಲು ಒಂದು ಹನಿ ಕೊಬ್ಬರಿ ಎಣ್ಣೆಯಿಂದ ಒರೆಸಿ ಆಮೇಲೆ ತೊಳೆದರೆ ಹಣೆ ಕೆರೆಯುವುದಿಲ್ಲ. ಕುಂಕುಮ ಹಚ್ಚುವ ಜಾಗದಲ್ಲಿಯೇ ತುರಿಕೆ, ಕಪ್ಪು ಕಂಡರೆ ಅದರ ಬಣ್ಣಕ್ಕೆ ಅಲರ್ಜಿ ಆಗಿರಬಹುದು.

ಖಂಡಿತ ಬೇಡವಾದವು ಮೂರು. ಲಿಂಬಿ ಹುಳಿ ನೇರವಾಗಿ ಹಚ್ಚುವುದು ಒಂದು. ಅದು ತೀಕ್ಷ್ಣ ಆಮ್ಲ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಬೀಳುತ್ತದೆ. ಅಡಿಗೆ ಸೋಡಾ ಎರಡು. ಅದು ಕ್ಷಾರ. ಮೊಡವೆಗೆ ಟೂತ್ ಪೇಸ್ಟ್ ಮೂರು.

ಕಪ್ಪೆಲ್ಲ ಕೊಳೆಯಲ್ಲ

ಮಾರಿ ತೊಳೆಯುವುದರಲ್ಲಿ ದೊಡ್ಡ ಹಾನಿ ಆಗುವುದು ಇಲ್ಲಿ. ಬಸಿರು, ಬಾಣಂತನದ ಸಮಯದಲ್ಲಿ ಅಥವಾ ನಲವತ್ತರ ಆಚೀಚೆ ಎರಡೂ ಗಲ್ಲದ ಮೇಲೆ ಕಂದು ಕಲೆ ಹರಡುತ್ತದೆ. ಕನ್ನಡದಲ್ಲಿ ಬಂಗು, ಮರಾಠಿಯಲ್ಲಿ ವಾಂಗ. ಇದು ಚರ್ಮದ ಒಳಗಿನ ಬಣ್ಣ. ಯಾವ ಸಾಬಾಣವೂ, ಯಾವ ಫೇಸ್ ವಾಶೂ ಅದನ್ನು ತೊಳೆದು ತೆಗೆಯಲಾರದು. ನೈಲಾನ್ ಉಜ್ಜುಗ, ಕಲ್ಲು, ಒರಟು ಸ್ಕ್ರಬ್ ಹಾಕಿ ತಿಕ್ಕಿದಷ್ಟೂ ಅದು ಇನ್ನೂ ದಟ್ಟವಾಗುತ್ತದೆ. ಏನೂ ಕಲೆ ಇಲ್ಲದವರಿಗೂ ವರ್ಷಗಟ್ಟಲೆ ತಿಕ್ಕಿದ ಜಾಗ ಕಪ್ಪಾಗುವುದುಂಟು.

ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪು ಕಟ್ಟುವುದು ಇನ್ನೊಂದು. "ಸ್ವಚ್ಛ ಜಳಕಾ ಮಾಡು" ಎಂದು ತಾಯಂದಿರು ಬೈಯುತ್ತಾರೆ. ಪಾಪ, ಆ ಹುಡುಗ ಹುಡುಗಿಯ ತಪ್ಪಲ್ಲ ಅದು. ತೂಕ ಹೆಚ್ಚಿದವರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು ಅದಾಗಿರಬಹುದು. ತಿಕ್ಕುವುದು ಬಿಟ್ಟು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಬೇಕು. ಬರುವ ಸಕ್ಕರೆ ಕಾಯಿಲೆಯನ್ನು ಮೊದಲೇ ಹಿಡಿಯಲು ಕುತ್ತಿಗೆಯ ಆ ಕಪ್ಪು ಎಷ್ಟೋ ಜನರಿಗೆ ನೆರವಾಗುತ್ತದೆ.

ಟ್ಯೂಬಿನ ಬಲೆ

"ನೋಡಾಕ ಬರ್ತಾರ, ಎಂಟ ದಿನದಾಗ ಮಾರಿ ಬೆಳ್ಳಗ ಆಗಬೇಕು." ಈ ಅವಸರಕ್ಕೆ ಸಿಗುವ ಉತ್ತರವೇ ಸ್ಟಿರಾಯ್ಡ್ ಟ್ಯೂಬ್. ಇಸುಬು, ಅಲರ್ಜಿಯಂಥ ರೋಗಕ್ಕೆ ಡಾಕ್ಟರ್ ಹೇಳಿದಷ್ಟು ದಿನ ಹಚ್ಚುವ ಔಷಧ ಅದು. ಮುಖಕ್ಕೆ ಹಚ್ಚಿದರೆ ಉರಿ, ಕೆಂಪು ಇಳಿದು ಕೆಲವೇ ದಿನದಲ್ಲಿ ಬಣ್ಣ ತಿಳಿಯಾದಂತೆ ಕಾಣುತ್ತದೆ. ಮನೆಯವರು ಹಿಗ್ಗುತ್ತಾರೆ. ವೈನಿ ಹಚ್ಚಿದ್ದನ್ನು ನಾದಿನಿ ಹಚ್ಚುತ್ತಾಳೆ, ಅವಳದನ್ನು ಗೆಳತಿ.

ಕೆಲವು ವಾರ, ತಿಂಗಳು ಕಳೆದ ಮೇಲೆ ಅಸಲು ಬಣ್ಣ ಹೊರಬೀಳುತ್ತದೆ. ಚರ್ಮ ತೆಳುವಾಗಿ ಕೆಂಪು ನರ ಕಾಣುತ್ತವೆ. ಗುಂಪು ಗುಂಪಾಗಿ ಮೊಡವೆ, ಗಲ್ಲದ ಮೇಲೆ ಕೂದಲು, ಬಿಸಿಲಿಗೆ ಹೋದರೆ ಬೆಂಕಿ ಇಟ್ಟ ಹಾಗೆ ಉರಿ. ಬಿಟ್ಟರೆ ಉರಿ ಇನ್ನೂ ಹೆಚ್ಚಾಗುತ್ತದೆ ಎಂದು ಮತ್ತೆ ಹಚ್ಚುತ್ತಾರೆ. ಬಲೆ ಬಿಗಿಯುವುದು ಹೀಗೆ.

ಇದು ಒಬ್ಬಿಬ್ಬರ ಕಥೆಯಲ್ಲ. ದೇಶದ ಹಲವು ಚರ್ಮರೋಗ ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಖದ ತೊಂದರೆ ಎಂದು ಬಂದ 2,926 ಮಂದಿಯಲ್ಲಿ 433 ಮಂದಿ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. ನೂರಕ್ಕೆ ಸುಮಾರು 15 ಮಂದಿ. ಕೇಂದ್ರ ಸರಕಾರ 2018ರಲ್ಲಿ ಇಂಥ ಹಚ್ಚುವ ಸ್ಟಿರಾಯ್ಡ್‌ಗಳನ್ನು ಶೆಡ್ಯೂಲ್ ಎಚ್ ನಿಯಮಕ್ಕೆ ಬಿಗಿಯಾಗಿ ಒಳಪಡಿಸಿತು. ಅಂದರೆ ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ.

ಗುರುತು ಹಿಡಿಯುವುದು ಕಷ್ಟವಲ್ಲ. ಚೀಟಿ ಬೇಕಾದ ಔಷಧದ ಮೇಲೆ ಕೆಂಪು ಗೆರೆ, 'ಆರ್‌ಎಕ್ಸ್' ಗುರುತು ಇರುತ್ತದೆ. ಒಳಗಿನ ಔಷಧದ ಹೆಸರು ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್, ಫ್ಲುಸಿನೊಲೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಈಗಾಗಲೇ ಹಚ್ಚುತ್ತಿರುವವರು ಹೆದರಿ ಮುಚ್ಚಿಡಬಾರದು. ಆ ಟ್ಯೂಬನ್ನೇ ಕೈಯಲ್ಲಿ ಹಿಡಿದುಕೊಂಡು ಚರ್ಮರೋಗ ತಜ್ಞರ ಹತ್ತಿರ ಹೋಗಬೇಕು. ನಿಲ್ಲಿಸುವಾಗ ಬರುವ ಉರಿಗೆ ಅವರ ಬಳಿ ಉಪಾಯ ಇದೆ.

ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ತಾರೀಖು ಯಾವುದೂ ಇಲ್ಲದ ಬಿಳುಪಿನ ಕ್ರೀಮುಗಳದು ಇನ್ನೊಂದು ಅಪಾಯ. ಅವುಗಳಲ್ಲಿ ಪಾದರಸ ಇರುವುದುಂಟು. ಪಾದರಸ ಚರ್ಮದಿಂದ ಇಳಿದು ಮೂತ್ರಪಿಂಡ ಕೆಡಿಸುತ್ತದೆ. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಕ್ರೀಮಿನಲ್ಲಿ ಪಾದರಸ ಸೇರಿಸುವಂತಿಲ್ಲ. ಹೀಗಾಗಿ ಜಾತ್ರೆ, ಸಂತೆಯಲ್ಲಿ ಬಿಲ್ಲಿಲ್ಲದೆ ಸಿಗುವ ಬಿಳುಪಿನ ಡಬ್ಬಿಯಿಂದ ದೂರ ಇರುವುದೇ ಲೇಸು.

ರೊಕ್ಕದ ಲೆಕ್ಕ

ಫೇಸ್ ವಾಶ್ ದುಬಾರಿ ಎಂದು ಹಿಂದೆ ಸರಿಯುವವರು ಒಂದು ಲೆಕ್ಕ ಹಾಕಿ ನೋಡಬೇಕು. 100 ಮಿ.ಲೀ. ಟ್ಯೂಬಿಗೆ 150 ರೂಪಾಯಿ ಎಂದುಕೊಳ್ಳಿ. ಒಂದು ಸಲಕ್ಕೆ 1 ಮಿ.ಲೀ. ಸಾಕು. ದಿನಕ್ಕೆ ಎರಡು ಸಲವಾದರೆ 50 ದಿನ ಬರುತ್ತದೆ. ದಿನಕ್ಕೆ ಬಿದ್ದದ್ದು 3 ರೂಪಾಯಿ. ಟ್ಯೂಬ್ 20 ದಿನಕ್ಕೇ ಮುಗಿಯುತ್ತಿದ್ದರೆ ಅಂಗೈ ತುಂಬ ಹಾಕಿಕೊಳ್ಳುತ್ತಿದ್ದಾರೆ ಎಂದೇ ಅರ್ಥ.

ಕೊಳ್ಳುವಾಗ ಟ್ಯೂಬಿನ ಅಂದ ನೋಡದೆ ಎಂ.ಆರ್.ಪಿ.ಯನ್ನು ಮಿ.ಲೀ.ಗೆ ಭಾಗಿಸಿ ನೋಡಿ. ಸಣ್ಣ ಟ್ಯೂಬ್ ಅಗ್ಗ ಎನಿಸಿದರೂ ಮಿ.ಲೀ. ಲೆಕ್ಕದಲ್ಲಿ ತುಟ್ಟಿ ಆಗಿರುವುದುಂಟು. ಹೊಸದನ್ನು ಪರೀಕ್ಷಿಸಲು ಮಾತ್ರ ಸಣ್ಣದೇ ಸರಿ.

ಸಿಂಡೆಟ್ ಬಾರ್ ತಂದವರು ಅದನ್ನು ದಾರದಿಂದ ನಾಲ್ಕು ತುಂಡು ಮಾಡಿ, ಒಂದನ್ನಷ್ಟೇ ಮುಖಕ್ಕೆಂದು ತೂತಿನ ಡಬ್ಬಿಯಲ್ಲಿ ಇಟ್ಟುಕೊಳ್ಳಬಹುದು. ಉಳಿದದ್ದು ಕಾಗದದಲ್ಲಿ ಸುತ್ತಿಟ್ಟರೆ ಕರಗುವುದಿಲ್ಲ. ಮನೆಮಂದಿಗೆಲ್ಲ ದುಬಾರಿ ಸಾಮಾನು ಬೇಕಿಲ್ಲ. ಮೈಗೆ ಇದ್ದ ಸಾಬಾಣವೇ ಇರಲಿ, ಮುಖದ್ದೊಂದು ಬೇರೆ ಆದರೆ ಆಯಿತು.

ತೊಳೆಯುವ ರೀತಿ

ಸಾಮಾನು ಎಷ್ಟೇ ಸರಿಯಿದ್ದರೂ ರೀತಿ ತಪ್ಪಿದರೆ ವ್ಯರ್ಥ. ಮೊದಲು ಕೈ ತೊಳೆಯಬೇಕು. ಬೀಡಿ ಕಟ್ಟುವ ಹೆಣ್ಣುಮಕ್ಕಳ ಕೈಯಲ್ಲಿ ತಂಬಾಕಿನ ಪುಡಿ, ಮಗ್ಗದ ಕೆಲಸಗಾರರ ಕೈಯಲ್ಲಿ ನೂಲಿನ ಧೂಳು ಇರುತ್ತದೆ. ಅದೇ ಕೈ ಮುಖಕ್ಕೆ ಹೋಗಬಾರದು. ನೀರು ಉಗುರು ಬೆಚ್ಚಗಿದ್ದರೆ ಸಾಕು. ಹಂಡೆಯ ಸುಡುನೀರು ಮುಖವನ್ನು ಒಣಗಿಸುತ್ತದೆ. ಬೆರಳ ತುದಿಯಿಂದ ಅರ್ಧ, ಒಂದು ನಿಮಿಷ ಮೆಲ್ಲಗೆ ಆಡಿಸಿ, ಕಿವಿಯ ಹತ್ತಿರ, ಕೂದಲಂಚು, ಗದ್ದದ ಕೆಳಗೆ ನೊರೆ ಉಳಿಯದಂತೆ ತೊಳೆಯಬೇಕು. ಸೊಲ್ಲಾಪುರದ ಟಾವೆಲ್ ಎಷ್ಟೇ ಮೆತ್ತಗಿದ್ದರೂ ತಿಕ್ಕಿ ಒರೆಸದೆ ಒತ್ತಿ ಒರೆಸಬೇಕು. ಮುಖದ ಟಾವೆಲ್ ಒಬ್ಬೊಬ್ಬರದು ಬೇರೆ ಇರಬೇಕು.

ದಿನಕ್ಕೆ ಎರಡು ಸಲ, ಬೆವರು ಸುರಿಸಿ ಬಂದ ಮೇಲೆ ಇನ್ನೊಂದು ಸಲ. ಇದಕ್ಕಿಂತ ಹೆಚ್ಚು ಬೇಡ. ಜತ್ತ ಭಾಗದ ದ್ರಾಕ್ಷಿ ತೋಟದಲ್ಲಿ, ಸಾಂಗೋಲೆ ಕಡೆಯ ದಾಳಿಂಬೆ ತೋಟದಲ್ಲಿ ಔಷಧ ಹೊಡೆಯುವವರದು ಬೇರೆ ಮಾತು. ಮುಖಕ್ಕೆ ಸಿಡಿದರೆ ಸಂಜೆಯ ಜಳಕದ ತನಕ ಕಾಯದೆ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದರೆ ತೊಳೆದ ಮೇಲೆ ದವಾಖಾನೆಗೆ ಹೋಗಲೇಬೇಕು. ಗಡ್ಡ ಹೆರೆದ ಮೇಲೆ ತುರಟಿ ತಿಕ್ಕಿಸಿಕೊಳ್ಳುವ ಒಣ ಚರ್ಮದವರು ಅದನ್ನು ಬಿಟ್ಟು ಮಾಯಿಶ್ಚರೈಸರ್ ಹಚ್ಚಿಕೊಂಡರೆ ಉರಿ ತಪ್ಪುತ್ತದೆ.

ಯಾವುದೇ ಹೊಸ ಸಾಮಾನಿಗೆ ಕನಿಷ್ಠ ನಾಲ್ಕು ವಾರ ಕೊಡಬೇಕು. ಚರ್ಮದ ಮೇಲ್ಪದರು ಹೊಸದಾಗಲು ಹೆಚ್ಚು ಕಡಿಮೆ ಒಂದು ತಿಂಗಳು ಹಿಡಿಯುತ್ತದೆ. ಎಂಟು ದಿನದಲ್ಲಿ ಫಲ ಕೇಳಿದವರಿಗೆ ಸಿಗುವುದು ಟ್ಯೂಬೇ. ನಡುವೆ ಉರಿ, ಬಾವು ಕಂಡರೆ ಮಾತ್ರ ಕೂಡಲೇ ನಿಲ್ಲಿಸಬೇಕು.

ಮೊಡವೆ ಗಂಟು ಕಟ್ಟಿ ಗುಳಿ ಬೀಳುತ್ತಿದ್ದರೆ, ಬಂಗು ಹರಡುತ್ತಿದ್ದರೆ, ಟ್ಯೂಬ್ ಬಿಡಲು ಆಗದಿದ್ದರೆ ಅಂಗಡಿಯವನ ಸಲಹೆ ಸಾಲದು. ಸೊಲ್ಲಾಪುರ, ಅಕ್ಕಲಕೋಟದವರಿಗೆ ಡಾ. ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಕಾಲೇಜಿನ ಸಿವಿಲ್ ಆಸ್ಪತ್ರೆ ಇದೆ, ಜತ್ತದವರಿಗೆ ಮಿರಜದ ಸರಕಾರಿ ವೈದ್ಯಕೀಯ ಕಾಲೇಜು ಇದೆ. ಗಡಿ ದಾಟಿದರೆ ವಿಜಯಪುರ, ಕಲಬುರಗಿ ದೂರವಲ್ಲ. ಹೋಗುವಾಗ ಮುಖಕ್ಕೆ ಹಚ್ಚುವ ಸಾಬಾಣದ ಕವರ್, ಕ್ರೀಮಿನ ಡಬ್ಬಿ, ಟ್ಯೂಬ್ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಬೇಕು. ಅರ್ಧ ರೋಗದ ಕಾರಣ ಆ ಚೀಲದಲ್ಲೇ ಡಾಕ್ಟರಿಗೆ ಸಿಕ್ಕಿಬಿಡುತ್ತದೆ.